ಕಾಮಿಕ್ಸ್ ಮೂಲಪುಟ ಕೊಳ್ಳುವ ಮುನ್ನ: ಆ ಕಾಗದದ ಮೇಲೆ ಓಡಿದ್ದು ಯಾರ ಕೈ?

ಪ್ರಶ್ನೆ: ನಾನು ಶಿವಮೊಗ್ಗದವನು. ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಇಂದ್ರಜಾಲ ಕಾಮಿಕ್ಸ್, ಚಂದಮಾಮ ಓದಿ ಬೆಳೆದವನು. ಈಚೆಗೆ ಇಲ್ಲಿನ ಕಾಮಿಕ್ಸ್ ಮೇಳವೊಂದರಲ್ಲಿ ಕೈಯಿಂದ ಬರೆದ ಮೂಲಪುಟಗಳನ್ನು ಮಾರುವುದು ನೋಡಿ ಆಸೆಯಾಯಿತು. ಒಂದು ಸೂಪರ್‌ಹೀರೋ ಪುಟಕ್ಕೆ 450 ಡಾಲರ್ ಹೇಳಿದರು. ಚೀಟಿಯಲ್ಲಿ ಹೆಸರಾಂತ ಕಲಾವಿದರೊಬ್ಬರ ಹೆಸರು ದೊಡ್ಡದಾಗಿತ್ತು. ಕೆಳಗೆ ಸಣ್ಣಕ್ಷರದಲ್ಲಿ ‘ಇಂಕ್ ಓವರ್ ಬ್ಲೂಲೈನ್’ ಎಂದಿತ್ತು. ಹಾಗಂದರೇನು? ಅದು ಅಸಲಿಯೇ? ಇಂಥದ್ದಕ್ಕೆ ಹಾಕಿದ ದುಡ್ಡು ಬೆಳೆಯುತ್ತಾ? ಊರಿನ ಮನೆಗೆ ತಂದರೆ ಮಳೆಗಾಲದಲ್ಲಿ ಉಳಿಯುತ್ತಾ? ನಮ್ಮ ಚಂದಮಾಮದಂಥ ಚಿತ್ರಗಳ ಮೂಲಪ್ರತಿ ಎಲ್ಲಾದರೂ ಸಿಗುತ್ತಾ?

ಉತ್ತರ: ನೀವು ನೋಡಿದ ಪುಟ ನಕಲಿ ಅಲ್ಲ. ಆದರೆ ಚೀಟಿಯಲ್ಲಿ ದೊಡ್ಡದಾಗಿದ್ದ ಹೆಸರಿನವರು ಆ ಕಾಗದವನ್ನು ಮುಟ್ಟಿಯೇ ಇರಲಿಕ್ಕಿಲ್ಲ. ಸಣ್ಣಕ್ಷರ ಹೇಳುತ್ತಿದ್ದದ್ದು ಅದನ್ನೇ. ಕೊಳ್ಳಲೇಬೇಡಿ ಅಂತ ಹೇಳುವುದಿಲ್ಲ. ಯಾರ ಕೆಲಸಕ್ಕೆ ದುಡ್ಡು ಕೊಡುತ್ತಿದ್ದೀರಿ ಅನ್ನುವುದು ಗೊತ್ತಿದ್ದು ಕೊಳ್ಳಿ.

ಅಮೆರಿಕದ ಕಾಮಿಕ್ಸ್ ಪುಟ ಒಬ್ಬರ ಕೆಲಸ ಅಲ್ಲ. ಮೊದಲು ಒಬ್ಬರು ಪೆನ್ಸಿಲ್‌ನಲ್ಲಿ ಇಡೀ ಪುಟ ಬರೆಯುತ್ತಾರೆ. ಇನ್ನೊಬ್ಬರು ಬಲೂನಿನೊಳಗೆ ಮಾತು ತುಂಬುತ್ತಾರೆ. ಮತ್ತೊಬ್ಬರು ಅದೇ ಪೆನ್ಸಿಲ್ ಗೆರೆಯ ಮೇಲೆ ಕುಂಚದಲ್ಲೋ ನಿಬ್ಬಿನಲ್ಲೋ ಇಂಡಿಯಾ ಇಂಕ್ ಎಳೆಯುತ್ತಾರೆ. ಬಣ್ಣದ ಕೆಲಸ ಬೇರೆ ಕಾಗದದಲ್ಲಿ ನಡೆಯುತ್ತಿತ್ತು. ಅದಕ್ಕೇ ಹಳೆಯ ಮೂಲಪುಟಗಳೆಲ್ಲ ಕಪ್ಪು ಬಿಳುಪು. ಇಂಕ್ ಹಾಕಿದ ಮೇಲೆ ಪೆನ್ಸಿಲ್ ಅಳಿಸಿಬಿಡುತ್ತಿದ್ದರು. ಹಾಗಾಗಿ ಒಂದೇ ಹಲಗೆಯ (ಚಿತ್ರ ಬರೆಯುವ ದಪ್ಪ ಕಾಗದದ) ಮೇಲೆ ಇಬ್ಬರು ಮೂವರ ಕೈ ಓಡಿರುತ್ತಿತ್ತು, ಉಳಿಯುತ್ತಿದ್ದದ್ದೂ ಒಂದೇ ಪುಟ.

ಸ್ಕ್ಯಾನರ್ ಬಂದ ಮೇಲೆ ಲೆಕ್ಕ ಬದಲಾಯಿತು. ಪೆನ್ಸಿಲ್ ಬರೆದವರು ತಮ್ಮ ಪುಟವನ್ನು ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ಮೂಲ ಅವರ ಮನೆಯಲ್ಲೇ ಉಳಿಯುತ್ತದೆ. ಇಂಕ್ ಹಾಕುವವರು ಆ ಫೈಲನ್ನು ತಿಳಿನೀಲಿ ಬಣ್ಣದಲ್ಲಿ ಹೊಸ ಹಲಗೆಯ ಮೇಲೆ ಪ್ರಿಂಟ್ ತೆಗೆದು, ಅದರ ಮೇಲೆ ಕೆಲಸ ಮಾಡುತ್ತಾರೆ. ಅದೇ ಬ್ಲೂಲೈನ್. ಈಗ ಒಂದು ಪುಟಕ್ಕೆ ಎರಡು ಮೂಲ. ಒಂದು ಬರೀ ಪೆನ್ಸಿಲ್, ಇನ್ನೊಂದು ಬರೀ ಇಂಕ್. ಎರಡೂ ಅಸಲಿಯೇ. ಆದರೆ ನೀವು ನೋಡಿದ್ದರಲ್ಲಿ ಪೆನ್ಸಿಲ್ ಕಲಾವಿದರದ್ದು ಅಂತ ಇರುವುದು ಪ್ರಿಂಟರ್ ಉಗುಳಿದ ನೀಲಿ ಅಷ್ಟೇ.

ಇದನ್ನು ಕಣ್ಣಾರೆ ಗುರುತಿಸಬಹುದು. ಗಡಿಯಾರ ರಿಪೇರಿಯವರು ಕಣ್ಣಿಗಿಡುವಂಥ ಹತ್ತು ಪಟ್ಟಿನ ಭೂತಗನ್ನಡಿ ಒಂದು ಜೇಬಿನಲ್ಲಿರಲಿ. ಗೆರೆ ಮುಗಿಯುವ ಕಡೆ, ಇಂಕ್ ಮುಚ್ಚದೆ ಬಿಟ್ಟ ನೀಲಿ ಚೂರು ಹುಡುಕಿ. ಕೈಯಲ್ಲಿ ಎಳೆದ ನೀಲಿ ಪೆನ್ಸಿಲ್ ಆಗಿದ್ದರೆ ಅದು ಕಾಗದದ ಉಬ್ಬುಗಳ ಮೇಲೆ ಮೇಣದ ಹಾಗೆ ಕೂತಿರುತ್ತದೆ, ತಗ್ಗುಗಳಲ್ಲಿ ಬಿಳಿ ಉಳಿದಿರುತ್ತದೆ. ಪ್ರಿಂಟರ್ ನೀಲಿಯಾದರೆ ಸಣ್ಣ ಸಣ್ಣ ಚುಕ್ಕೆ ಕಾಣುತ್ತವೆ. ಆಮೇಲೆ ಮೊಬೈಲ್ ಟಾರ್ಚನ್ನು ಪುಟದ ಪಕ್ಕಕ್ಕೆ, ಕಾಗದದ ಮಟ್ಟಕ್ಕೇ ಹಿಡಿಯಿರಿ. ಪೆನ್ಸಿಲ್ ಒತ್ತಿ ಬರೆದ ಕಡೆ ಸಣ್ಣ ಗೀರುಗಳಿರುತ್ತವೆ. ರಬ್ಬರ್ ಉಜ್ಜಿದ ಕಡೆ ಕಾಗದದ ಹೊಳಪು ಬೇರೆಯಾಗಿರುತ್ತದೆ. ಬ್ಲೂಲೈನ್ ಪುಟದಲ್ಲಿ ಇವೆರಡೂ ಇರುವುದಿಲ್ಲ.

ಹಾಗಂತ ಇಂಕ್ ಹಾಕುವವರನ್ನು ಹಗುರವಾಗಿ ನೋಡಬೇಡಿ. ಒಳ್ಳೆಯ ಇಂಕರ್ ಒಬ್ಬರ ಕುಂಚ ಒಂದೇ ಎಳೆತದಲ್ಲಿ ಕೂದಲಿನಷ್ಟು ಸಣ್ಣದಾಗಿ ಶುರುವಾಗಿ, ಭುಜದ ತಿರುವಿನಲ್ಲಿ ದಪ್ಪಗಾಗಿ, ಮತ್ತೆ ಸಣ್ಣಗಾಗಿ ಮುಗಿಯುತ್ತದೆ. ಅದನ್ನು ಮೂಲದಲ್ಲಿ ನೋಡುವುದೇ ಒಂದು ಸುಖ. ನನ್ನ ತಕರಾರು ಬೆಲೆಯ ಬಗ್ಗೆ. ಬ್ಲೂಲೈನ್ ಪುಟಕ್ಕೆ ಎರಡೂ ಕೆಲಸ ಒಟ್ಟಿಗಿರುವ ಪುಟದ ಬೆಲೆ ಕೊಡಬಾರದು. ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ‘ಇದರ ಪೆನ್ಸಿಲ್ ಪುಟ ಎಲ್ಲಿದೆ?’ ಉತ್ತರ ಸಲೀಸಾಗಿ ಬಂದರೆ ಚೌಕಾಸಿ ಮಾಡಿ. ತಡವರಿಸಿದರೆ ಮುಂದಿನ ಮೇಜಿಗೆ ಹೋಗಿ.

ಇನ್ನೊಂದು ಬಗೆಯದ್ದು ಈಗ ಜಾಸ್ತಿ ಕಾಣಿಸುತ್ತಿದೆ. ಪೂರ್ತಿ ಟ್ಯಾಬ್ಲೆಟ್‌ನಲ್ಲೇ ಬರೆದ ಪುಟವನ್ನು ಒಂದೇ ಒಂದು ಪ್ರಿಂಟ್ ತೆಗೆದು, ಸಹಿ ಹಾಕಿ, ‘ಒಂದೇ ಪ್ರತಿ’ ಎಂದು ಮಾರುವುದು. ಅದು ಸಹಿ ಇರುವ ಪ್ರಿಂಟ್. ಮೂಲಪುಟದ ಬೆಲೆಗೆ ಅದನ್ನು ತಗೋಬೇಡಿ.

ಈಗ ದುಡ್ಡಿನ ವಿಷಯ. ಸುದ್ದಿಯಲ್ಲಿ ಬರುವ ಅಂಕಿಗಳು ತಲೆ ತಿರುಗಿಸುತ್ತವೆ, ನಿಜ. 2022ರ ಜನವರಿಯಲ್ಲಿ ಡಲ್ಲಾಸ್‌ನ ಹೆರಿಟೇಜ್ ಹರಾಜಿನಲ್ಲಿ ಮೈಕ್ ಝೆಕ್ ಬರೆದ ಒಂದೇ ಒಂದು ಒಳಪುಟ 33.6 ಲಕ್ಷ ಡಾಲರ್‌ಗೆ ಹೋಯಿತು. 1984ರ ‘ಸೀಕ್ರೆಟ್ ವಾರ್ಸ್’ 8ನೇ ಸಂಚಿಕೆಯ ಪುಟ ಅದು. ಸ್ಪೈಡರ್‌ಮ್ಯಾನ್‌ಗೆ ಕಪ್ಪು ಉಡುಗೆ ಬಂದದ್ದು ಅದರಲ್ಲೇ. ಕೂಗು ಶುರುವಾಗಿದ್ದು 3.3 ಲಕ್ಷದಿಂದ. ಅದಕ್ಕೆ ಮುಂಚೆ ಅಮೆರಿಕದ ಕಾಮಿಕ್ಸ್ ಒಳಪುಟವೊಂದಕ್ಕೆ ಸಿಕ್ಕಿದ್ದ ದಾಖಲೆ ಬೆಲೆ 6,57,250 ಡಾಲರ್. ಅದು 1974ರ ‘ಹಲ್ಕ್’ ಸಂಚಿಕೆಯ ಪುಟ, ವೂಲ್ವರೀನ್ ಮೊದಲ ಸಲ ಮುಖ ತೋರಿಸುವಂಥದ್ದು.

ಗಮನಿಸಿದಿರಾ? ಎರಡೂ ಕಡೆ ದುಡ್ಡು ಬಂದದ್ದು ಬರೀ ಚಿತ್ರದ ಚೆಲುವಿಗಲ್ಲ. ಆ ಪುಟದಲ್ಲಿ ಕತೆಯೊಳಗೆ ಏನು ನಡೆಯಿತು ಅನ್ನುವುದಕ್ಕೆ. ಅದೇ ಸಂಚಿಕೆಯ ಬೇರೆ ಪುಟ, ಅದೇ ಕೈಯದ್ದು, ಇದರ ಸಣ್ಣ ಪಾಲಿಗೂ ಬರುವುದಿಲ್ಲ. ಮೇಳದಲ್ಲೂ ಇದೇ ಕ್ರಮ. ಮುಖಪುಟಕ್ಕೆ ಎಲ್ಲಕ್ಕಿಂತ ಜಾಸ್ತಿ ಬೆಲೆ. ಆಮೇಲೆ ಇಡೀ ಪುಟಕ್ಕೆ ಒಂದೇ ಚಿತ್ರವಿರುವ ಸ್ಪ್ಲಾಶ್. ಆಮೇಲೆ ನಾಯಕ ವೇಷದಲ್ಲಿ ಹೊಡೆದಾಡುವ ಪುಟ. ಕೊನೆಗೆ, ಇಬ್ಬರು ಸೂಟು ಹಾಕಿಕೊಂಡು ಆಫೀಸಿನಲ್ಲಿ ಮಾತಾಡುವ ಪುಟ. ನನಗೆ ಕೊನೆಯದೇ ಇಷ್ಟ. ಮುಖದ ಭಾವ, ಬೆಳಕು, ಪ್ಯಾನೆಲ್ ಜೋಡಣೆ, ಎಲ್ಲ ಅಲ್ಲಿ ಕಾಣುತ್ತದೆ, ಬೆಲೆಯೂ ಕೈಗೆಟುಕುತ್ತದೆ.

450 ಡಾಲರ್ ಹಾಕಿ ಬೆಳೆಯುತ್ತೆ ಅಂತ ಕಾಯಬೇಡಿ. ಹರಾಜು ಮನೆಗಳು ಕೊಳ್ಳುವವರಿಂದ ಕೂಗಿದ ಬೆಲೆಯ ಮೇಲೆ ಸಾಮಾನ್ಯವಾಗಿ ಶೇ 20ರ ಆಸುಪಾಸು ಹಿಡಿಯುತ್ತವೆ. 400ಕ್ಕೆ ಕೂಗು ನಿಂತರೆ ನಿಮ್ಮ ಕೈಯಿಂದ ಹೋಗುವುದು 480. ನಾಳೆ ಮಾರುವಾಗಲೂ ಕಮಿಷನ್ ಮುರಿದುಕೊಂಡೇ ಕೊಡುತ್ತಾರೆ. ಕೂಗು 500 ದಾಟಿ ಎಷ್ಟೋ ಮೇಲೆ ಹೋದರೆ ಮಾತ್ರ ಅಸಲು ಹುಟ್ಟುತ್ತದೆ. ಜೊತೆಗೆ ಈ ಬೆಲೆಗಳು ನಿಂತಿರುವುದು ಒಂದು ತಲೆಮಾರಿನ ನೆನಪಿನ ಮೇಲೆ. ಆ ಪುಸ್ತಕ ಓದಿ ಬೆಳೆದವರು ಕೊಳ್ಳುವ ವಯಸ್ಸಿನಲ್ಲಿ ಇರುವಷ್ಟು ಕಾಲ ಏರುತ್ತವೆ. ಮುಂದಿನವರಿಗೆ ಬೇರೆ ನಾಯಕರು.

ನಿಮ್ಮ ನೆನಪು ಇಂದ್ರಜಾಲದ್ದು. ಹಾಗಾದರೆ ಅಪರಿಚಿತ ಸೂಪರ್‌ಹೀರೋ ಯಾಕೆ? ಫ್ಯಾಂಟಮ್ ಹುಡುಕಿ. ಲೀ ಫಾಕ್ ಈ ಕತೆಯನ್ನು ಶುರು ಮಾಡಿದ್ದು 1936ರಲ್ಲಿ. ನಾವೆಲ್ಲ ನೋಡಿದ ಫ್ಯಾಂಟಮ್ ಬಹುಪಾಲು ಸೈ ಬ್ಯಾರಿಯ ಕೈಯದ್ದು. 1960ರ ದಶಕದ ಆರಂಭದಿಂದ ಸುಮಾರು ಮೂರು ದಶಕ ಅವರು ಅದನ್ನು ಬರೆದರು. ಅದು ಪತ್ರಿಕೆಗಳಿಗೆ ದಿನಾ ಹೋಗುತ್ತಿದ್ದ ಪಟ್ಟಿ ಚಿತ್ರ. ಮೂಲ ಉದ್ದುದ್ದ ಹಲಗೆಯ ಮೇಲಿರುತ್ತದೆ. ಯಾವ ದಿನದ್ದು ಅನ್ನುವ ತಾರೀಕೂ ಕಿಂಗ್ ಫೀಚರ್ಸ್ ಸಂಸ್ಥೆಯ ಕಾಪಿರೈಟ್ ಸಾಲೂ ಪ್ಯಾನೆಲ್‌ಗಳ ನಡುವೆ ಇರುತ್ತವೆ. ದಿನಕ್ಕೊಂದರಂತೆ ಬರೆದದ್ದರಿಂದ ಸಂಖ್ಯೆಯೂ ದೊಡ್ಡದು. ಹಾಗಾಗಿ ಹೆಸರಾಂತ ಸೂಪರ್‌ಹೀರೋ ಪುಟಗಳ ಹಾಗೆ ಇದರ ಬೆಲೆ ಆಕಾಶಕ್ಕೇರಿಲ್ಲ.

ಇಲ್ಲೇ ಒಂದು ಎಚ್ಚರಿಕೆ. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಇಂದ್ರಜಾಲ ಶುರು ಮಾಡಿದಾಗ ಒಳಪುಟಗಳನ್ನು ಇಲ್ಲಿ ಯಾರೂ ಹೊಸದಾಗಿ ಬರೆಯಲಿಲ್ಲ. ಅಮೆರಿಕದಿಂದ ಬಂದ ಪಟ್ಟಿಗಳನ್ನೇ ಕತ್ತರಿಸಿ, ಪುಸ್ತಕದ ಅಳತೆಗೆ ಜೋಡಿಸಿದರು. ಭಾರತದಲ್ಲಿ ಬರೆದದ್ದು ಮುಖಪುಟಗಳು, ಅದರಲ್ಲಿ ಬಹಳಷ್ಟು ಬಿ. ಗೋವಿಂದ್ ಅವರವು. ಆಬಿದ್ ಸೂರ್ತಿ ಬರೆದ ‘ಬಹಾದೂರ್’ ಕತೆಗಳಿಗೆ ಒಳಚಿತ್ರ ಬರೆದವರೂ ಅವರೇ. ಆದ್ದರಿಂದ ‘ಇಂದ್ರಜಾಲ ಫ್ಯಾಂಟಮ್ ಒಳಪುಟದ ಮೂಲ, ಮುಂಬಯಿಯ ಹಳೆಯ ಗೋದಾಮಿನದ್ದು’ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ನಾಗಿ. ಹೆಚ್ಚೆಂದರೆ ಅದು ಜೋಡಿಸಿದ ಪ್ರೂಫ್ ಇರಬಹುದು.

ನಕಲಿಗಳು ಬೇಕಾದಷ್ಟಿವೆ. ಜ್ಯಾಕ್ ಕಿರ್ಬಿ, ಸ್ಟೀವ್ ಡಿಟ್ಕೊ, ‘ಪೀನಟ್ಸ್’ ಬರೆದ ಚಾರ್ಲ್ಸ್ ಷುಲ್ಜ್ ಥರದ ದೊಡ್ಡ ಕಲಾವಿದರ ಹೆಸರಿನಲ್ಲಂತೂ ಆನ್‌ಲೈನ್‌ನಲ್ಲಿ ದಂಡಿಯಾಗಿ. ಸಾಮಾನ್ಯವಾಗಿ ಅಚ್ಚಾದ ಪುಟವನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಮೇಲಿನಿಂದ ತಿದ್ದಿರುತ್ತಾರೆ. ತಿದ್ದಿದ ಗೆರೆ ಅಂಜುತ್ತಾ ಹೋಗುತ್ತದೆ, ದಪ್ಪ ಒಂದೇ ಸಮ ಇರುತ್ತದೆ. ಅಳತೆ ನೋಡಿದರೇ ಎಷ್ಟೋ ಸಿಕ್ಕಿಬೀಳುತ್ತವೆ. 1967ರ ಸುಮಾರಿನವರೆಗೆ ಅಮೆರಿಕದ ಕಾಮಿಕ್ಸ್ ಪುಸ್ತಕದ ಪುಟಗಳನ್ನು ಅಚ್ಚಿನ ಎರಡು ಪಟ್ಟು ದೊಡ್ಡದಾಗಿ ಬರೆಯುತ್ತಿದ್ದರು. ಆಮೇಲೆ ಚಿತ್ರದ ಜಾಗ 10 ಇಂಚು ಅಗಲ, 15 ಇಂಚು ಎತ್ತರಕ್ಕೆ ಇಳಿಯಿತು, ಹಲಗೆ 11ಕ್ಕೆ 17. 1963ರ ಪುಟ ಅಂತ ಹೇಳಿ ಸಣ್ಣ ಹಲಗೆ ಕೊಟ್ಟರೆ ಅಲ್ಲಿಗೇ ಮುಗಿಯಿತು.

ಅಸಲಿ ಪುಟ ಚೊಕ್ಕಟವಾಗಿ ಇರುವುದಿಲ್ಲ. ಅದು ಚೌಕಟ್ಟಿಗೆ ಹಾಕಲಿ ಅಂತ ಮಾಡಿದ್ದಲ್ಲ, ಅಚ್ಚಿಗೆ ಕಳಿಸಲು ಮಾಡಿದ್ದು. ಅಂಚಿನಲ್ಲಿ ಪುಸ್ತಕದ ಹೆಸರು, ಸಂಚಿಕೆ, ಪುಟದ ಸಂಖ್ಯೆ ಗೀಚಿರುತ್ತಾರೆ. ತಪ್ಪಿದ ಕಡೆ ಬಿಳಿ ಬಣ್ಣ ಬಳಿದಿರುತ್ತಾರೆ. ಮಾತು ಬದಲಾದ ಕಡೆ ತುಂಡು ಕಾಗದ ಅಂಟಿಸಿರುತ್ತಾರೆ, ಆ ಅಂಟು ಈಗ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹಿಂಬದಿ ತಿರುಗಿಸಿ ನೋಡಿ. ಹಳೆಯ ಪುಟಗಳಲ್ಲಿ, ಅಚ್ಚಿಗೆ ಮುಂಚೆ ಪುಟ ನೋಡಿ ಒಪ್ಪಿಗೆ ಕೊಡುತ್ತಿದ್ದ ಕಾಮಿಕ್ಸ್ ಕೋಡ್ ಮಂಡಳಿಯ ಮೊಹರು ಇರುವುದುಂಟು. ಅಚ್ಚ ಕಪ್ಪು ತುಂಬಿದ ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕುಂಚ ಓಡಿದ ದಿಕ್ಕು, ಎರಡನೇ ಸಲ ಬಳಿದ ಪದರ ಕಾಣುತ್ತದೆ. ಫೋಟೊಸ್ಟ್ಯಾಟ್ ಆಗಿದ್ದರೆ ಕಪ್ಪು ಸಪಾಟಾಗಿ, ಒಂದೇ ಸಮ ಇರುತ್ತದೆ. ಆಮೇಲೆ ಅಚ್ಚಾದ ಪುಸ್ತಕವನ್ನು ಪಕ್ಕಕ್ಕಿಟ್ಟು ತಾಳೆ ನೋಡಿ. ಅಚ್ಚಿನಲ್ಲಿ ಇಲ್ಲದ್ದೇನಾದರೂ ಮೂಲದಲ್ಲಿ ಇರಬೇಕು: ಚೌಕಟ್ಟು ದಾಟಿದ ಗೆರೆ, ಬಿಳಿ ಬಣ್ಣದ ಕೆಳಗೆ ಮುಚ್ಚಿಹೋದ, ಮೊದಲು ಎಳೆದ ಗೆರೆ. ಅಚ್ಚಿನಲ್ಲಿ ಇದ್ದಷ್ಟೇ ಇದ್ದರೆ ಅನುಮಾನ ಪಡಿ.

ಅಸಲಿ ಅಂತಾದರೂ ಕದ್ದ ಮಾಲಲ್ಲ ಅಂತ ಖಾತ್ರಿ ಆಗಬೇಕಲ್ಲ. ಹಿಂದೆ ಪ್ರಕಾಶಕರು ಪುಟಗಳನ್ನು ಕಲಾವಿದರಿಗೆ ವಾಪಸ್ ಕೊಡುತ್ತಲೇ ಇರಲಿಲ್ಲ. ಕೆಲವು ಗೋದಾಮು ಸೇರಿದವು, ಕೆಲವನ್ನು ಯಾರಿಗೋ ಕೊಟ್ಟರು, ಎಷ್ಟೋ ಕತ್ತರಿಸಿ ಎಸೆದರು. 1970ರ ದಶಕದ ನಡುವಿನ ಹೊತ್ತಿಗೆ ದೊಡ್ಡ ಕಂಪನಿಗಳು ಹೊಸ ಪುಟಗಳನ್ನು ವಾಪಸ್ ಕೊಡಲು ಶುರು ಮಾಡಿದವು. ಹಳೆಯದರ ಜಗಳ ಮುಂದುವರಿಯಿತು. ‘ಫೆಂಟಾಸ್ಟಿಕ್ ಫೋರ್’, ‘ಹಲ್ಕ್’, ‘ಥಾರ್’ ಎಲ್ಲಕ್ಕೂ ರೂಪ ಕೊಟ್ಟ ಜ್ಯಾಕ್ ಕಿರ್ಬಿ ತಮ್ಮದೇ ಪುಟಗಳಿಗಾಗಿ ಮಾರ್ವೆಲ್ ಜೊತೆ ವರ್ಷಗಟ್ಟಲೆ ಗುದ್ದಾಡಬೇಕಾಯಿತು. ಬೇರೆಯವರಿಗೆ ಕೇಳದ ಉದ್ದನೆಯ ಕರಾರು ಪತ್ರಕ್ಕೆ ಅವರಿಂದ ಸಹಿ ಕೇಳಿದ್ದರು. ಕಡೆಗೆ 1987ರಲ್ಲಿ ಸಿಕ್ಕಿದ್ದು ಸುಮಾರು 2,000 ಪುಟ. ಅವರು ಅಲ್ಲಿಗೆ ಬರೆದುಕೊಟ್ಟದ್ದು ಅದರ ಎಷ್ಟೋ ಪಟ್ಟು. ಉಳಿದವು ಎಲ್ಲೆಲ್ಲಿಂದಲೋ ಮಾರುಕಟ್ಟೆಗೆ ಬಂದಿವೆ. ಆದ್ದರಿಂದ 1960ರ ದಶಕದ ಪುಟಕ್ಕೆ ಕೈ ಹಾಕುವುದಾದರೆ ಅದು ಯಾರಿಂದ ಯಾರಿಗೆ ಬಂತು ಅನ್ನುವುದನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಿಮ್ಮ ಬಜೆಟ್ಟಿನಲ್ಲಿ, ಕಲಾವಿದರ ಕೈಯಿಂದಲೋ ಅವರು ನೇಮಿಸಿದ ಏಜೆಂಟರಿಂದಲೋ ಹೊಸ ಪುಟ ಕೊಂಡರೆ ಈ ತಲೆನೋವೇ ಇಲ್ಲ.

ಕೊಳ್ಳುವ ಮೊದಲು ಕಣ್ಣು ಪಳಗಿಸಿಕೊಳ್ಳಿ. ನಿಮಗೆ ನ್ಯೂಯಾರ್ಕ್ ಹತ್ತಿರ. ಅಲ್ಲಿ ಸೊಸೈಟಿ ಆಫ್ ಇಲಸ್ಟ್ರೇಟರ್ಸ್ ಇದೆ, 2012ರಿಂದ ಕಾಮಿಕ್ಸ್ ಕಲೆಯ ಮ್ಯೂಸಿಯಮ್ಮಿನ ಸಂಗ್ರಹವೂ ಅವರ ಬಳಿಯೇ. ಒಹಾಯೊದ ಕೊಲಂಬಸ್‌ನಲ್ಲಿರುವ ಬಿಲ್ಲಿ ಐರ್ಲೆಂಡ್ ಕಾರ್ಟೂನ್ ಗ್ರಂಥಾಲಯಕ್ಕೆ ಒಂದು ಸಲ ಹೋಗಲೇಬೇಕು, ಮೂಲಚಿತ್ರಗಳ ಅಷ್ಟು ದೊಡ್ಡ ರಾಶಿ ಬೇರೆ ಕಡೆ ಇಲ್ಲ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸ್ಪೈಡರ್‌ಮ್ಯಾನ್ ಹುಟ್ಟಿದ 1962ರ ಸಂಚಿಕೆಯ 24 ಪುಟಗಳಿವೆ, ಸ್ಟೀವ್ ಡಿಟ್ಕೊ ಬರೆದವು. 2008ರಲ್ಲಿ ಯಾರೋ ಹೆಸರು ಹೇಳದೆ ದಾನ ಕೊಟ್ಟರು. ಮಾರಿದ್ದರೆ ಎಷ್ಟು ಬರುತ್ತಿತ್ತೋ, ಯೋಚಿಸಿ!

ಇನ್ನು ಶಿವಮೊಗ್ಗದ ಮಳೆ. ಇಂಡಿಯಾ ಇಂಕ್ ಇಂಗಾಲದ್ದು, ಬೆಳಕಿಗೆ ಮಾಸುವುದಿಲ್ಲ. ಮಾರ್ಕರ್ ಪೆನ್ನಿನ ಕಪ್ಪು ಹಾಗಲ್ಲ, ಕೆಲವು ವರ್ಷಕ್ಕೆ ನೇರಳೆಗೋ ಕಂದಿಗೋ ತಿರುಗುತ್ತದೆ. ಮೇಳದಲ್ಲಿ ಎದುರಿಗೇ ಬರೆದುಕೊಡುವ ಸ್ಕೆಚ್ಚುಗಳು ಹೆಚ್ಚಾಗಿ ಮಾರ್ಕರ್‌ನವು, ಅವನ್ನು ಗೋಡೆಗೆ ಹಾಕಬೇಡಿ. ಕಾಗದಕ್ಕೆ ದೊಡ್ಡ ಶತ್ರು ತೇವ. ಗಾಳಿಯ ತೇವಾಂಶ ಶೇ 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯಲು ಶುರು. ಮಲೆನಾಡಿನ ಜುಲೈನಲ್ಲಿ ಅದು ದಾಟದ ದಿನವೇ ಕಡಿಮೆ, ಅಲ್ವಾ? ಅದಕ್ಕೆ ಮಳೆ ಬೀಳುವ ಕಡೆಯ ಹೊರಗೋಡೆಗೆ ಚಿತ್ರ ಹಾಕಬೇಡಿ. ಅಟ್ಟದಲ್ಲೂ ಬೇಡ. ಪುಟವನ್ನು ಮೈಲಾರ್ ಅನ್ನುವ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಲಕೋಟೆಯಲ್ಲಿಟ್ಟು, ಹಿಂದೆ ಆಮ್ಲವಿಲ್ಲದ ರಟ್ಟು ಕೊಟ್ಟು, ಮನೆಯ ಒಳಕೋಣೆಯ ಕಪಾಟಿನಲ್ಲಿ ಮಲಗಿಸಿಡಿ. ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ, ಆಗಾಗ ಬದಲಿಸಿ. ಪಿವಿಸಿ ಕವರ್ ಬೇಡ, ಅದು ಬೆವರಿ ಇಂಕಿಗೆ ಅಂಟುತ್ತದೆ.

ಫ್ರೇಮ್ ಅಂಗಡಿಗೆ ಕೊಡುವುದಾದರೆ ಎದುರಿಗೇ ನಿಂತು ಮಾಡಿಸಿ. ನಮ್ಮ ಕಡೆ ಚಿತ್ರವನ್ನು ಹಾರ್ಡ್‌ಬೋರ್ಡಿಗೆ ಫೆವಿಕಾಲ್ ಹಾಕಿ ಅಂಟಿಸಿ, ಗಾಜನ್ನು ಮೇಲೆಯೇ ಕೂರಿಸಿಬಿಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಪುಟ ಅಲ್ಲಿಗೆ ಹೋಯಿತು. ಮೂಲೆಗಳನ್ನು ಕಾಗದದ ಕಿಸೆಯಲ್ಲಿ ಸಿಕ್ಕಿಸಬೇಕು, ಅಂಟು ತಾಗಬಾರದು. ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್ ಬೋರ್ಡಿನ ಅಂತರ ಇರಬೇಕು. ಲ್ಯಾಮಿನೇಶನ್ ಮಾತು ಎತ್ತಿದರೆ ಪುಟ ಎತ್ತಿಕೊಂಡು ಹೊರಗೆ ಬನ್ನಿ. ವಿಮಾನದಲ್ಲಿ ತರುವಾಗ ಎರಡು ರಟ್ಟಿನ ನಡುವೆ ಸಪಾಟಾಗಿ ಕೈಚೀಲದಲ್ಲೇ ಇರಲಿ, ಸುರುಳಿ ಸುತ್ತಬೇಡಿ. ಬಿಲ್ಲೂ ಜೊತೆಗಿರಲಿ.

ಚಂದಮಾಮದ ಪ್ರಶ್ನೆಗೆ ಬರೋಣ. 1947ರಲ್ಲಿ ಮದ್ರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂದ ಪತ್ರಿಕೆ ಅದು. ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯ, ವಡ್ಡಾದಿ ಪಾಪಯ್ಯ, ‘ಚಿತ್ರಾ’, ಬೇತಾಳನನ್ನು ಹೆಗಲಿಗೆ ಹಾಕಿಕೊಂಡು ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ಬರೆದ ಶಂಕರ್ ಅಲ್ಲಿದ್ದರು. ಅವರು ಪತ್ರಿಕೆಗಾಗಿ ಬರೆದ ಚಿತ್ರಗಳು ಆಫೀಸಿನಲ್ಲೇ ಉಳಿಯುವುದು ಆ ಕಾಲದ ರೂಢಿ. 2007ರಲ್ಲಿ ಪತ್ರಿಕೆ ಮುಂಬಯಿಯ ಕಂಪನಿಯೊಂದರ ಕೈಗೆ ಹೋಯಿತು, 2013ರ ಹೊತ್ತಿಗೆ ನಿಂತೇಹೋಯಿತು. ಹಾಗಾಗಿ ಚಂದಮಾಮದ ಮೂಲಚಿತ್ರ ಅಂತ ಯಾರಾದರೂ ತಂದರೆ ಕಿರ್ಬಿ ಪುಟಕ್ಕೆ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿ: ಆಫೀಸಿನಿಂದ ಇದು ಹೊರಗೆ ಬಂದದ್ದು ಹೇಗೆ? ಕಲಾವಿದರ ಮನೆಯವರ ಬಳಿ ಇದ್ದದ್ದಾದರೆ ಅವರಿಂದಲೇ ಒಂದು ಪತ್ರ ಬರೆಸಿಕೊಳ್ಳಿ.

ಅದಕ್ಕಿಂತ ಸುಲಭದ ದಾರಿ ಒಂದಿದೆ. ಊರಿಗೆ ಬಂದಾಗ ಬೆಂಗಳೂರಿನ ಟ್ರಿನಿಟಿ ಸರ್ಕಲ್ ಹತ್ತಿರದ ಇಂಡಿಯನ್ ಕಾರ್ಟೂನ್ ಗ್ಯಾಲರಿಗೆ ಹೋಗಿ. ವ್ಯಂಗ್ಯಚಿತ್ರಕಾರರ ಪ್ರದರ್ಶನ ಅಲ್ಲಿ ನಡೆಯುತ್ತಿರುತ್ತದೆ, ಬರೆದವರೇ ಸಿಗುವುದೂ ಉಂಟು. ವಾರಪತ್ರಿಕೆಗಳ ಕತೆಗಳಿಗೆ ಚಿತ್ರ ಬರೆದ ಹಿರಿಯರು ನಮ್ಮಲ್ಲಿ ಹಲವರಿದ್ದಾರೆ. ‘ನಿಮ್ಮ ಹಳೆಯ ಕತೆಚಿತ್ರ ಯಾವುದಾದರೂ ಕೊಡ್ತೀರಾ ಸಾರ್, ಬೆಲೆ ಹೇಳಿ’ ಅಂತ ಕೇಳುವವರೇ ಕಡಿಮೆ. ಕೇಳಿ. ಹೇಳಿದ ಬೆಲೆ ಕೊಡಿ, ಇಲ್ಲಿ ಚೌಕಾಸಿ ಬೇಡ. ಪುಟ ನಿಮ್ಮದಾದರೂ ಕಾಪಿರೈಟ್ ನಿಮ್ಮದಾಗುವುದಿಲ್ಲ ಅನ್ನುವುದು ನೆನಪಿರಲಿ. ಟೀ ಶರ್ಟಿಗೆ ಅಚ್ಚು ಹಾಕಿಸುವಂತಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 53ಎ ಕಲಮಿನಲ್ಲಿ ಇನ್ನೊಂದು ಮಾತಿದೆ. ಚಿತ್ರದ ಹಕ್ಕು ಮೊದಲಿನಿಂದ ಕಲಾವಿದರದ್ದೇ ಆಗಿದ್ದು, ಮುಂದೆ ಅದು 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ, ಆ ಬೆಲೆಯಲ್ಲಿ ಅವರಿಗೋ ವಾರಸುದಾರರಿಗೋ ಪಾಲು ಕೇಳುವ ಹಕ್ಕಿದೆ.

ಕೊಂಡ ದಿನವೇ ಬೇರೆ ಹಾಳೆಯೊಂದರಲ್ಲಿ ಯಾವ ಕತೆಗೆ, ಯಾವ ಪತ್ರಿಕೆಯ ಯಾವ ಸಂಚಿಕೆಗೆ ಬರೆದದ್ದು ಅಂತ ಅವರ ಕೈಯಲ್ಲೇ ಬರೆಸಿ, ಸಹಿ ಹಾಕಿಸಿಕೊಂಡು, ಪುಟದ ಜೊತೆ ಇಡಿ. ಚಿತ್ರದ ಮೇಲೆ ಬರೆಸಬೇಡಿ.